ಬಾಕ್ಸಿಂಗ್‌ನಲ್ಲಿ ಪಂಚ್‌ನ ವೇಗ ಹೆಚ್ಚಿಸಿಕೊಳ್ಳುವುದು ಹೇಗೆ?

ಪಂಚ್‌ನಲ್ಲಿ ಬಲ ಇದೆ, ಆದರೆ ಸ್ಪೀಡ್ ಬರ್ತಿಲ್ಲ, ಏನು ಮಾಡಬೇಕು? ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಸೋಮಾರಿಗಳೇನಲ್ಲ. ಡಂಬೆಲ್ ಹಿಡಿದು ಗಾಳಿಯಲ್ಲಿ ಗುದ್ದುತ್ತಿರುತ್ತಾರೆ, ದಿನಾ ಪುಷ್‌ಅಪ್ ಹೊಡೆಯುತ್ತಿರುತ್ತಾರೆ, ಹೆವಿ ಬ್ಯಾಗ್ (ತೂಗುಹಾಕಿದ, ಗುದ್ದುವ ಭಾರದ ಚೀಲ) ಮುಂದೆ ಸುಸ್ತಾಗಿ ಬೀಳುವ ತನಕ ನಿಂತಿರುತ್ತಾರೆ. ಬೆವರು ಧಾರಾಳವಾಗಿ ಹರಿಯುತ್ತದೆ. ಕೈ ಮಾತ್ರ ಮೊದಲಿನಷ್ಟೇ ನಿಧಾನ.

ಕಾರಣ ಬಹಳ ಸಲ ಎರಡೇ: ಬಿಗಿ ಮತ್ತು ದಣಿವು. ಬಿಗಿಯಾದ ತೋಳು ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ದಣಿದ ತೋಳಿನಲ್ಲಿ ಎಷ್ಟು ಗುದ್ದಿದರೂ ನಿಧಾನವಾಗಿ ಗುದ್ದುವುದನ್ನೇ ರೂಢಿ ಮಾಡಿಕೊಂಡ ಹಾಗಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಸರಿ ಮಾಡುವುದಕ್ಕಾಗಿಯೇ ಇವೆ.

ಇದು ಬಾಕ್ಸಿಂಗ್ ಈಗಷ್ಟೇ ಶುರು ಮಾಡಿದವರಿಗಲ್ಲ. ನಿಲುವು, ಗಾರ್ಡ್ (ಮುಖ ಕಾಯುವ ಹಾಗೆ ಕೈ ಎತ್ತಿ ಹಿಡಿಯುವುದು), ಜ್ಯಾಬ್, ಕ್ರಾಸ್, ಹುಕ್ ಇಷ್ಟನ್ನು ಕೋಚ್ ಹತ್ತಿರ ಕಲಿತು ಕೆಲವು ತಿಂಗಳಾಗಿರಬೇಕು. ತಪ್ಪಾದ ಪಂಚ್‌ಗೆ ವೇಗ ಸೇರಿಸಿದರೆ ಮಣಿಕಟ್ಟಿಗೆ ಪೆಟ್ಟು, ಅಷ್ಟೇ. ಜ್ಯಾಬ್ ಅಂದರೆ ಮುಂದಿನ ಕೈಯ ನೇರ ಪಂಚ್, ಕ್ರಾಸ್ ಅಂದರೆ ಹಿಂದಿನ ಕೈಯ ನೇರ ಪಂಚ್, ಹುಕ್ ಅಂದರೆ ಮೊಣಕೈ ಮಡಿಸಿ ಪಕ್ಕದಿಂದ ಬರುವ ಪಂಚ್. ನಾನು ಬರೆದಿರುವುದು ಎಡಗಾಲು ಮುಂದಿಟ್ಟು ನಿಲ್ಲುವವರಿಗೆ. ಬಲಗಾಲು ಮುಂದಿಡುವ ಸೌತ್‌ಪಾಗಳು ಎಡ–ಬಲ ಅದಲು ಬದಲು ಮಾಡಿಕೊಂಡು ಓದಿ.

ವೇಗ ಅಂದರೆ ಏನೇನು?

ಪಂಚ್‌ನ ವೇಗದಲ್ಲಿ ಮೂರು ಸಂಗತಿ ಸೇರಿವೆ. ಕೈ ಹೊರಟು ಗುರಿ ಮುಟ್ಟುವುದು ಮೊದಲನೆಯದು. ಕೈ ಗಾರ್ಡ್‌ಗೆ ವಾಪಸ್ ಬರುವುದು ಎರಡನೆಯದು. ಅದು ನಿಧಾನವಾದರೆ ಮುಂದಿನ ಪಂಚ್ ತಡವಾಗುತ್ತದೆ, ಮುಖವೂ ತೆರೆದಿರುತ್ತದೆ. ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ: ಪಂಚ್ ಬರುತ್ತಿದೆ ಅಂತ ಎದುರಾಳಿಗೆ ಎಷ್ಟು ಬೇಗ ಗೊತ್ತಾಗುತ್ತದೆ ಎನ್ನುವುದು.

ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಚುರುಕಾದ ಜ್ಯಾಬ್ ಹೆಚ್ಚುಕಡಿಮೆ ಅಷ್ಟೇ ಸಮಯದಲ್ಲಿ ಮುಟ್ಟಿಬಿಡುತ್ತದೆ. ಹಾಗಾದರೆ ಒಳ್ಳೆಯ ಬಾಕ್ಸರ್ ಅದನ್ನು ತಪ್ಪಿಸಿಕೊಳ್ಳುವುದು ಹೇಗೆ? ಅವನು ನೋಡುವುದು ಮುಷ್ಟಿಯನ್ನಲ್ಲ. ಮುಷ್ಟಿ ಹೊರಡುವ ಮುಂಚೆ ನಿಮ್ಮ ಭುಜ, ಮೊಣಕೈ, ಕಾಲು ಕೊಡುವ ಸುಳಿವನ್ನು. ಆ ಸುಳಿವು ಅಳಿಸಿದರೆ ಕೈಯ ನಿಜವಾದ ವೇಗ ಒಂದಿಷ್ಟೂ ಹೆಚ್ಚದೆಯೇ ನಿಮ್ಮ ಪಂಚ್ ಬೇಗ ಮುಟ್ಟುತ್ತದೆ.

ಬೇಕಾಗುವ ಸಾಮಾನು

ಕೈಗೆ ಸುತ್ತುವ ಹ್ಯಾಂಡ್ ರ‍್ಯಾಪ್, ಸುಮಾರು ನಾಲ್ಕೂವರೆ ಮೀಟರ್ ಉದ್ದದ್ದು. ಬ್ಯಾಗ್ ಕೆಲಸಕ್ಕೆ 12 ಔನ್ಸ್ ಗ್ಲೌಸ್ (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ). ಸ್ಕಿಪಿಂಗ್ ಹಗ್ಗ, ಟೈಮರ್, 2ರಿಂದ 4 ಕೆಜಿಯ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆ ಎಸೆಯುವ ಭಾರದ ಚೆಂಡು), ಪೂರ್ತಿ ಮೈ ಕಾಣುವ ಕನ್ನಡಿ. ಸ್ಲೋ ಮೋಷನ್ ವಿಡಿಯೋ ಬರುವ ಫೋನ್ ಕೂಡ ಬೇಕು. ಡಬಲ್ ಎಂಡ್ ಬ್ಯಾಗ್ ಸಿಕ್ಕರೆ ತುಂಬಾ ಒಳ್ಳೆಯದು. ಮೇಲೆ ಚಾವಣಿಗೂ ಕೆಳಗೆ ನೆಲಕ್ಕೂ ಎಲಾಸ್ಟಿಕ್ ಹಗ್ಗದಿಂದ ಬಿಗಿದ, ತಲೆಯ ಗಾತ್ರದ ಚೆಂಡು ಅದು. ಗುದ್ದಿದ ಕೂಡಲೇ ಪುಟಿದು ವಾಪಸ್ ಬರುತ್ತದೆ.

ಹಂತ 1: ಮೊದಲು ಅಳೆಯಿರಿ

ಫೋನನ್ನು ಎದೆಯ ಎತ್ತರಕ್ಕೆ, ನಿಮ್ಮ ಪಕ್ಕದಿಂದ ಕಾಣುವ ಹಾಗೆ ಇಡಿ. ಸೆಕೆಂಡಿಗೆ 240 ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ತೆಗೆಯುವ ಸ್ಲೋ ಮೋಷನ್ ಆರಿಸಿ. ಬ್ಯಾಗ್‌ಗೆ ಐದು ಜ್ಯಾಬ್, ಐದು ಕ್ರಾಸ್ ಬಿಡಿ, ಒಂದೊಂದರ ನಡುವೆ ಆರಾಮಾಗಿ ನಿಲ್ಲಿ. ಆಮೇಲೆ ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಮುಷ್ಟಿ ಅಲುಗಿದಾಗಿನಿಂದ ಬ್ಯಾಗ್ ಮುಟ್ಟುವ ತನಕ ಎಷ್ಟು ಫ್ರೇಮ್, ಮುಟ್ಟಿದಾಗಿನಿಂದ ಕೆನ್ನೆಗೆ ವಾಪಸ್ ಬರುವ ತನಕ ಎಷ್ಟು ಅಂತ ಬರೆದಿಡಿ. ಹೋಗುವಾಗ 45 ಫ್ರೇಮ್ ಆದರೆ ಸುಮಾರು 190 ಮಿಲಿಸೆಕೆಂಡ್ ಅಂತ ಲೆಕ್ಕ.

ಈಗ ಅದೇ ವಿಡಿಯೋವನ್ನು ಇನ್ನೊಮ್ಮೆ ನೋಡಿ. ಈ ಸಲ ಮುಷ್ಟಿ ಹೊರಡುವ ಮುಂಚಿನ ಫ್ರೇಮ್‌ಗಳನ್ನು ಮಾತ್ರ. ಮೊಣಕೈ ಪಕ್ಕಕ್ಕೆ ಏಳುತ್ತದಾ? ಮುಷ್ಟಿ ಮುಂದೆ ಹೋಗುವ ಮುಂಚೆ ಒಂದಿಷ್ಟು ಕೆಳಗೆ ಅಥವಾ ಹಿಂದೆ ಜಾರುತ್ತದಾ? ಭುಜ ಕಿವಿಯತ್ತ ಏರುತ್ತದಾ? ಗಲ್ಲ ಮೇಲೇಳುತ್ತದಾ? ಹತ್ತು ಫ್ರೇಮ್‌ನಷ್ಟು ಸುಳಿವು ಇದ್ದರೆ ಎದುರಾಳಿಗೆ ಸುಮಾರು 40 ಮಿಲಿಸೆಕೆಂಡ್ ಪುಕ್ಕಟೆ ಕೊಟ್ಟ ಹಾಗೆ. ಜಿಮ್‌ನಲ್ಲಿ ತಿಂಗಳುಗಟ್ಟಲೆ ಬೆವರು ಹರಿಸಿದರೂ ಅಷ್ಟು ಸಮಯವನ್ನು ಕೈಯ ವೇಗದಿಂದ ಉಳಿಸುವುದು ಕಷ್ಟ. ಸುಳಿವು ಅಳಿಸುವುದಕ್ಕೆ ಬೇಕಾಗಿರುವುದು ಗಮನ ಮಾತ್ರ.

ಹಂತ 2: ಮೈ ಬಿಸಿ ಮಾಡಿಕೊಳ್ಳಿ

ಐದು ನಿಮಿಷ ಸ್ಕಿಪಿಂಗ್. ಆಮೇಲೆ ಭುಜ, ಸೊಂಟ, ಮಣಿಕಟ್ಟು ತಿರುಗಿಸುವುದು. ಮೂರು ನಿಮಿಷ ಹಗುರ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿ ಇದ್ದಾನೆ ಅಂದುಕೊಂಡು ಗಾಳಿಯಲ್ಲಿ ಅಭ್ಯಾಸ. ತಣ್ಣಗಿರುವ ಸ್ನಾಯುವಿಗೆ ಜೋರು ಪಂಚ್ ಕೇಳಬೇಡಿ, ಭುಜದ ಮುಂಭಾಗ ಹಿಡಿದುಕೊಳ್ಳುತ್ತದೆ.

ಹಂತ 3: ಸಡಿಲ ಬಿಡುವುದನ್ನು ಕಲಿಯಿರಿ

ಇಡೀ ಲೇಖನದಲ್ಲಿ ನೀವು ಒಂದೇ ಹಂತ ಮಾಡುವುದಾದರೆ ಇದನ್ನು ಮಾಡಿ.

ನೇರ ಪಂಚ್‌ನಲ್ಲಿ ಮೊಣಕೈಯನ್ನು ಬಿಚ್ಚುವುದು ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು. ಮುಂಭಾಗದ ಬೈಸೆಪ್ಸ್ ಅದಕ್ಕೆ ವಿರುದ್ಧ ಎಳೆಯುತ್ತದೆ. ಮುಷ್ಟಿ ಬಿಗಿದು, ತೋಳು ಗಟ್ಟಿ ಮಾಡಿಕೊಂಡು ಪಂಚ್ ಬಿಟ್ಟರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಕೈಯನ್ನು ಮುಂದೆ ದಬ್ಬುತ್ತದೆ, ಇನ್ನೊಂದು ಬ್ರೇಕ್ ಹಾಕುತ್ತದೆ. ನಿಮಗೆ ಮಾತ್ರ ತುಂಬಾ ಜೋರಾಗಿ ಗುದ್ದಿದ ಹಾಗೆ ಅನ್ನಿಸುತ್ತದೆ, ಯಾಕೆಂದರೆ ಶ್ರಮ ನಿಜವಾಗಲೂ ಜಾಸ್ತಿ ಆಗಿರುತ್ತದೆ. ಒದ್ದೆ ಟವೆಲ್ ಒದರಿದಾಗ ತುದಿ ಚಟ್ ಅನ್ನುತ್ತದಲ್ಲ, ತೋಳು ಆ ರೀತಿ ಹೋಗಬೇಕು. ಹೊರಡುವಾಗ ಒಂದು ಸೆಳೆತ, ದಾರಿಯುದ್ದಕ್ಕೂ ಸಡಿಲ, ಮುಟ್ಟುವ ಕ್ಷಣಕ್ಕೆ ಬಿಗಿ, ಮತ್ತೆ ಸಡಿಲ.

ಇದಕ್ಕೆ ಮೂರು ಅಭ್ಯಾಸ.

ಮೊದಲನೆಯದು ಬಿಗಿ–ಸಡಿಲ. ಗಾರ್ಡ್‌ನಲ್ಲಿ ನಿಂತು ಎರಡೂ ತೋಳು, ಭುಜ, ಮುಷ್ಟಿಯನ್ನು ಐದು ಸೆಕೆಂಡ್ ಪೂರ್ತಿ ಬಿಗಿಯಿರಿ. ಉಸಿರು ಬಿಡುತ್ತಾ ಎಲ್ಲವನ್ನೂ ಒಮ್ಮೆಲೇ ಬಿಡಿ. ಭುಜ ಕೆಳಗೆ ಇಳಿದದ್ದು ಗೊತ್ತಾಗುತ್ತದೆ. ಆ ಸ್ಥಿತಿಯಲ್ಲೇ ತಕ್ಷಣ ಒಂದು ಜ್ಯಾಬ್. ಎಂಟು ಸಲ ಮಾಡಿ.

ಎರಡನೆಯದು ಅರ್ಧ ಮುಷ್ಟಿ. ಬೆರಳುಗಳನ್ನು ಸಣ್ಣ ಚೆಂಡು ಹಿಡಿದಷ್ಟು ಮಾತ್ರ ಮಡಿಸಿ. ಪಂಚ್ ಮುಟ್ಟುವ ಕೊನೆಯ ಗೇಣಿನಲ್ಲಿ ಮುಷ್ಟಿ ಬಿಗಿಯಿರಿ. ಎಚ್ಚರಿಕೆ: ಇದನ್ನು ಮೊದಲು ಗಾಳಿಯಲ್ಲಿ, ಆಮೇಲೆ ಕೋಚ್ ಹಿಡಿದ ಪ್ಯಾಡ್ ಮೇಲೆ ಹಗುರವಾಗಿ, ಕೊನೆಗೆ ಹೆವಿ ಬ್ಯಾಗ್ ಮೇಲೆ ಮಾಡಿ. ಬಿಗಿಯುವುದು ತಡವಾದರೆ ಭಾರದ ಬ್ಯಾಗ್ ಮೇಲೆ ಮಣಿಕಟ್ಟು ಮಡಚಿಕೊಳ್ಳುತ್ತದೆ. ತೋರುಬೆರಳು ಮತ್ತು ಮಧ್ಯಬೆರಳಿನ ಗೆಣ್ಣುಗಳು ಮೊದಲು ಮುಟ್ಟಬೇಕು, ಮಣಿಕಟ್ಟು ಮುಂಗೈಗೆ ನೇರವಾಗಿರಬೇಕು.

ಮೂರನೆಯದು ಮೆಟ್ಟಿಲು. ಐದು ಜ್ಯಾಬ್ ಅರ್ಧ ಜೋರಿನಲ್ಲಿ, ಐದು ಮುಕ್ಕಾಲು ಜೋರಿನಲ್ಲಿ, ಐದು ಪೂರ್ತಿ ಜೋರಿನಲ್ಲಿ. ಇದನ್ನೂ ವಿಡಿಯೋ ಮಾಡಿ ಫ್ರೇಮ್ ಎಣಿಸಿ. ಪೂರ್ತಿ ಜೋರಿನ ಪಂಚ್ ಮುಕ್ಕಾಲಿನದಕ್ಕಿಂತ ಬೇಗ ಮುಟ್ಟಿಲ್ಲ ಅಂತ ಕಂಡರೆ ನಿಮ್ಮ ಸಮಸ್ಯೆ ಬಿಗಿಯದ್ದೇ. ಸದ್ಯಕ್ಕೆ ಮುಕ್ಕಾಲು ಜೋರನ್ನೇ ನಿಮ್ಮ ಮಿತಿ ಅಂತ ಇಟ್ಟುಕೊಳ್ಳಿ.

ಬಿಗಿ ಅಡಗಿಕೊಳ್ಳುವ ಜಾಗ ಇನ್ನೆರಡಿವೆ, ದವಡೆ ಮತ್ತು ಉಸಿರು. ಹಲ್ಲು ಕಚ್ಚಿ ಹಿಡಿದರೆ ಕುತ್ತಿಗೆ ಬಿಗಿಯುತ್ತದೆ, ಕುತ್ತಿಗೆಯ ಹಿಂದೆಯೇ ಭುಜವೂ ಏರುತ್ತದೆ. ಹಾಗಂತ ಬಾಯಿ ತೆರೆದಿಡಬೇಡಿ. ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರನ ಎದುರು ನಿಜವಾಗಿ ಆಡುವಾಗ, ತೆರೆದ ದವಡೆಗೆ ಪೆಟ್ಟು ಬಿದ್ದರೆ ಅಪಾಯ. ತುಟಿ ಮುಚ್ಚಿರಲಿ, ಹಲ್ಲು ಹಗುರವಾಗಿ ಕೂಡಿರಲಿ. ಪ್ರತಿ ಪಂಚ್‌ಗೂ ಮೂಗಿನಿಂದಲೋ ಹಲ್ಲುಗಳ ನಡುವಿನಿಂದಲೋ ಚಿಕ್ಕದಾಗಿ ‘ಸ್’ ಅಂತ ಉಸಿರು ಬಿಡಿ. ನಾಲ್ಕು ಪಂಚ್ ಇದ್ದರೆ ನಾಲ್ಕು ಚಿಕ್ಕ ಉಸಿರು. ಮೊದಲ ಪಂಚ್‌ಗೇ ಎಲ್ಲ ಉಸಿರು ಖಾಲಿ ಮಾಡಿದರೆ ಕೊನೆಯ ಎರಡು ಪಂಚ್ ಉಸಿರು ಕಟ್ಟಿ ಹೋಗುತ್ತವೆ, ನಿಧಾನವಾಗುತ್ತವೆ.

ಹಂತ 4: ನೆಲದಿಂದ ಹೊರಡಿ, ಬೇಗ ವಾಪಸ್ ಬನ್ನಿ

ಕ್ರಾಸ್ ಶುರುವಾಗುವುದು ಹಿಂದಿನ ಕಾಲಿನ ಬೆರಳುಗಳಲ್ಲಿ. ಅಲ್ಲಿಂದ ಸೊಂಟ, ಸೊಂಟದಿಂದ ಭುಜ, ಕೊನೆಗೆ ಮುಷ್ಟಿ. ಈ ಕ್ರಮ ತಪ್ಪಿದರೆ ತೋಳು ಒಂಟಿಯಾಗಿ ಕೆಲಸ ಮಾಡಬೇಕಾಗುತ್ತದೆ. ಕನ್ನಡಿ ಮುಂದೆ ನಿಧಾನವಾಗಿ ಹತ್ತು ಕ್ರಾಸ್ ಮಾಡಿ, ಹಿಮ್ಮಡಿ ಹೊರಕ್ಕೆ ತಿರುಗುತ್ತಿದೆಯಾ ನೋಡಿ. ಜ್ಯಾಬ್‌ಗೆ ಇಷ್ಟು ತಿರುವು ಬೇಡ. ಹಿಂದಿನ ಕಾಲು ನೆಲವನ್ನು ಒತ್ತಿದ ಕ್ಷಣದಲ್ಲೇ ಮುಷ್ಟಿ ಹೊರಡಬೇಕು. ಮುಂದಿನ ಕಾಲು ಮೊದಲು ಇಟ್ಟು ಆಮೇಲೆ ಕೈ ಬಿಟ್ಟರೆ ಅದೇ ಸುಳಿವಾಗುತ್ತದೆ.

ವಾಪಸ್ ಬರುವ ದಾರಿಯೇ ಜಾಸ್ತಿ ಜನ ಎಡವುವ ಜಾಗ. ಮುಷ್ಟಿ ಮುಟ್ಟಿದ ಮೇಲೆ ಅಲ್ಲೇ ಒತ್ತಿ ಹಿಡಿಯುತ್ತಾರೆ, ಇಲ್ಲವೇ ಕೈಯನ್ನು ಕೆಳಗೆ ಬೀಳಿಸಿ ಸೊಂಟದ ಹತ್ತಿರದಿಂದ ಮೇಲೆ ತರುತ್ತಾರೆ. ಕೈ ಹೋದ ಗೆರೆಯಲ್ಲೇ ವಾಪಸ್ ಬರಬೇಕು. ಅಭ್ಯಾಸ ಮಾಡುವಾಗ ಗುದ್ದುವುದರ ಬಗ್ಗೆ ಯೋಚಿಸದೆ, ಬಿಸಿ ಮುಟ್ಟಿದಾಗ ಕೈ ಎಳೆದುಕೊಳ್ಳುವಂತೆ ಎಳೆದುಕೊಳ್ಳುವುದನ್ನೇ ಯೋಚಿಸಿ. ಬ್ಯಾಗ್ ದೂರ ತೂಗಾಡುವ ಬದಲು ನಿಂತಲ್ಲೇ ನಡುಗಿದರೆ ಸರಿಯಾಗಿ ಮಾಡುತ್ತಿದ್ದೀರಿ.

ಗಾಳಿಯಲ್ಲಿ ಗುದ್ದುವಾಗ ಮೊಣಕೈಯನ್ನು ಪೂರ್ತಿ ಲಾಕ್ ಆಗಲು ಬಿಡಬೇಡಿ. ಸ್ವಲ್ಪ ಬಾಗಿರುವಾಗಲೇ ನಿಲ್ಲಿಸಿ ಎಳೆದುಕೊಳ್ಳಿ. ವೇಗದ ಅಭ್ಯಾಸ ಶುರು ಮಾಡಿದವರಲ್ಲಿ ಮೊಣಕೈ ನೋವು ಬರುವುದು ಬಹುಪಾಲು ಇದೇ ಕಾರಣಕ್ಕೆ.

ಹಂತ 5: ಚಿಕ್ಕ ಸೆಟ್, ದೊಡ್ಡ ವಿಶ್ರಾಂತಿ

ಪೂರ್ತಿ ವೇಗದಲ್ಲಿ ಚಲಿಸಲು ಸ್ನಾಯುವಿನಲ್ಲಿ ಕೂಡಲೇ ಸಿಗುವ ಇಂಧನ ಫಾಸ್ಫೋಕ್ರಿಯಾಟಿನ್. ಪೂರ್ತಿ ಜೋರಿನ ಕೆಲಸದಲ್ಲಿ ಅದು ಸುಮಾರು 10 ಸೆಕೆಂಡಿನಲ್ಲೇ ಬಹುಪಾಲು ಕರಗುತ್ತದೆ. ಮತ್ತೆ ತುಂಬಿಕೊಳ್ಳಲು ನಿಮಿಷಗಳೇ ಬೇಕು. ಅದಕ್ಕೇ ಮೂರು ನಿಮಿಷ ಎಡಬಿಡದೆ ಗುದ್ದಿದರೆ ಅದರಲ್ಲಿ ವೇಗದ ಅಭ್ಯಾಸ ಆಗುವುದು ಮೊದಲ ಹತ್ತು ಸೆಕೆಂಡ್ ಮಾತ್ರ. ಉಳಿದದ್ದು ದಮ್ಮಿನ ಅಭ್ಯಾಸ.

ಹೀಗೆ ಮಾಡಿ: 5ರಿಂದ 6 ಸೆಕೆಂಡ್ ಎಷ್ಟಾಗುತ್ತದೋ ಅಷ್ಟು ವೇಗವಾಗಿ ಜ್ಯಾಬ್–ಕ್ರಾಸ್. ಆಮೇಲೆ ಒಂದೂವರೆ ನಿಮಿಷ ವಿಶ್ರಾಂತಿ, ಓಡಾಡುತ್ತಾ ಕೈ ಕೊಡವಿಕೊಳ್ಳಿ. ಮೊದಲ ಎರಡು ವಾರ 6 ಸೆಟ್, ಆಮೇಲೆ 8, ಹೆಚ್ಚೆಂದರೆ 10. ಯಾವುದಾದರೂ ಸೆಟ್‌ನಲ್ಲಿ ಕೈ ಭಾರ ಅನ್ನಿಸಿದರೆ ಅಥವಾ ಗಾರ್ಡ್ ಇಳಿದರೆ ಆ ದಿನದ ವೇಗದ ಕೆಲಸ ಅಲ್ಲಿಗೆ ಮುಗಿಯಿತು. ಲೆಕ್ಕ ಪೂರ್ತಿ ಮಾಡಬೇಕೆಂದು ಇನ್ನೆರಡು ಸೆಟ್ ಎಳೆಯಬೇಡಿ.

ಒಂದೂವರೆ ನಿಮಿಷ ಸುಮ್ನೆ ನಿಲ್ಲುವುದು ಜಿಮ್‌ನಲ್ಲಿ ಕಷ್ಟ. ಪಕ್ಕದವರು ಬೆವರು ಸುರಿಸುತ್ತಿರುತ್ತಾರೆ, ನಾನು ಕಳ್ಳಾಟ ಆಡ್ತಿದ್ದೀನಾ ಅನ್ನಿಸುತ್ತದೆ. ಅನ್ನಿಸಲಿ, ನಿಲ್ಲಿ. ಈ ಅಭ್ಯಾಸವನ್ನು ಮೈ ಬಿಸಿಯಾದ ಕೂಡಲೇ, ತಾಜಾ ಇರುವಾಗಲೇ ಮಾಡಬೇಕು. ಸ್ಪಾರಿಂಗ್ ಆದ ಮೇಲೆ, ಓಟ ಆದ ಮೇಲೆ ಬೇಡ.

ಆದರೆ ಪಂದ್ಯದಲ್ಲಿ ದಣಿದ ಮೇಲೂ ವೇಗ ಬೇಕಲ್ವಾ? ಖಂಡಿತ ಬೇಕು. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ತಲಾ 3 ನಿಮಿಷದ 3 ಸುತ್ತು, ನಡುವೆ ಒಂದು ನಿಮಿಷ ಬಿಡುವು. ಅದಕ್ಕೆ ಬೇರೆಯದೇ ಅಭ್ಯಾಸ ಇದೆ: ಮೂರು ನಿಮಿಷದ ಸುತ್ತಿನಲ್ಲಿ 15 ಸೆಕೆಂಡ್ ಜೋರು, 15 ಸೆಕೆಂಡ್ ಹಗುರ. ಅದನ್ನು ತರಬೇತಿಯ ಕೊನೆಯಲ್ಲಿ ಮಾಡಿ. ಎರಡನ್ನೂ ಬೆರೆಸಿದರೆ ಎರಡೂ ಕೈಗೆ ಹತ್ತುವುದಿಲ್ಲ.

ಹಂತ 6: ಯಾವ ಬ್ಯಾಗ್ ಯಾವುದಕ್ಕೆ?

ಹೆಸರು ನೋಡಿ ಎಲ್ಲರೂ ಮೊದಲು ಹೋಗುವುದು ಸ್ಪೀಡ್ ಬ್ಯಾಗ್ ಹತ್ತಿರ. ಹಲಗೆಯ ಕೆಳಗೆ ತೂಗುವ, ಹನಿಯಾಕಾರದ ಚಿಕ್ಕ ಬ್ಯಾಗ್ ಅದು. ಅದರಿಂದ ಲಯ ಬರುತ್ತದೆ, ಕೈ ಎತ್ತಿ ಹಿಡಿಯುವ ತಾಳಿಕೆ ಬರುತ್ತದೆ, ಕಣ್ಣು–ಕೈ ಹೊಂದಾಣಿಕೆ ಬರುತ್ತದೆ. ಆದರೆ ಅಲ್ಲಿ ಕೈ ಸುತ್ತುವ ರೀತಿಗೂ ನಿಮ್ಮ ಜ್ಯಾಬ್ ಹೋಗುವ ರೀತಿಗೂ ಸಂಬಂಧ ಕಡಿಮೆ. ದಿನಕ್ಕೆ ಎರಡು ಸುತ್ತು ಸಾಕು.

ನನ್ನ ಮಟ್ಟಿಗೆ ವೇಗಕ್ಕೆ ಡಬಲ್ ಎಂಡ್ ಬ್ಯಾಗ್‌ನಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ. ಚೆಂಡು ಚಿಕ್ಕದು, ಪುಟಿಯುತ್ತದೆ, ಒತ್ತಿ ಗುದ್ದಿದರೆ ಎಲ್ಲೆಲ್ಲೋ ಹೋಗುತ್ತದೆ. ಬೇಗ ಮುಟ್ಟಿ ಬೇಗ ಎಳೆದುಕೊಂಡರೆ ಮಾತ್ರ ನಿಮ್ಮ ಹತ್ತಿರಕ್ಕೆ ಸರಿಯಾಗಿ ಬರುತ್ತದೆ. ಬಿಗಿಯಾದ ಕೈ ಅಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಮೊದಲು ಬರೀ ಜ್ಯಾಬ್, ಆಮೇಲೆ ಎರಡು ಜ್ಯಾಬ್, ಆಮೇಲೆ ಜ್ಯಾಬ್–ಕ್ರಾಸ್. ಹಗ್ಗ ಹೆಚ್ಚು ಬಿಗಿದಷ್ಟೂ ಚೆಂಡು ಬೇಗ ವಾಪಸ್ ಬರುತ್ತದೆ, ಹಾಗಾಗಿ ಕಲಿಯುವಾಗ ಹಗ್ಗ ಸ್ವಲ್ಪ ಸಡಿಲವಾಗಿರಲಿ.

ಕೋಚ್ ಕೈಯ ಪ್ಯಾಡ್ ಇದ್ದರೆ ಹೀಗೆ ಕೇಳಿ: ಪ್ಯಾಡ್ ಕೆಳಗಿಟ್ಟುಕೊಂಡಿದ್ದು, ಹೇಳದೆ ಕೇಳದೆ ಒಮ್ಮೆಲೇ ಎತ್ತಲಿ. ಕಂಡ ಕೂಡಲೇ ಒಂದೇ ಜ್ಯಾಬ್. ಕೈ ಎಷ್ಟು ವೇಗವಾಗಿದ್ದರೂ ಕಣ್ಣು ತಡ ಮಾಡಿದರೆ ಅವಕಾಶ ಹೋಯಿತು.

ಹಂತ 7: ಪಂಚ್‌ಗಳನ್ನು ಜೋಡಿಸಿ

ಒಂದೊಂದು ಪಂಚ್ ವೇಗವಾಗಿದ್ದು, ಮೂರು ಸೇರಿದಾಗ ಮಾತ್ರ ನಿಧಾನ ಆಗುವವರಿದ್ದಾರೆ. ಅವರು ಪ್ರತಿ ಪಂಚ್ ಆದ ಮೇಲೂ ಮುಂದೇನು ಅಂತ ಯೋಚಿಸುತ್ತಾರೆ. ಇದಕ್ಕೆ ನಂಬರ್ ಪದ್ಧತಿ ಒಳ್ಳೆಯ ಮದ್ದು. ಸಾಮಾನ್ಯವಾಗಿ 1 ಅಂದರೆ ಜ್ಯಾಬ್, 2 ಕ್ರಾಸ್, 3 ಎಡ ಹುಕ್. ಜಿಮ್‌ನಿಂದ ಜಿಮ್‌ಗೆ ನಂಬರ್ ಬದಲಾಗಬಹುದು. ಕೋಚ್ ಕಸ್ ಡಿಅಮಾಟೊ ಶಿಷ್ಯರಿಗೆ ಪಂಚ್‌ಗಳನ್ನು ನಂಬರ್‌ನಲ್ಲೇ ಕಲಿಸುತ್ತಿದ್ದರು. 1986ರಲ್ಲಿ, 20ನೇ ವಯಸ್ಸಿಗೆ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೈಕ್ ಟೈಸನ್ ಬೆಳೆದದ್ದು ಅವರ ಕೈಯಲ್ಲೇ. ನಂಬರ್ ಕಿವಿಗೆ ಬಿದ್ದ ಕೂಡಲೇ ಕೈ ಹೊರಡಬೇಕು, ನಡುವೆ ಯೋಚನೆಗೆ ಜಾಗ ಇರಬಾರದು.

ಎರಡೇ ಜೋಡಣೆ ಆರಿಸಿ, ಉದಾಹರಣೆಗೆ 1–2 ಮತ್ತು 1–2–3. ಒಂದು ವಾರ ನಿಧಾನವಾಗಿ, ತಪ್ಪಿಲ್ಲದೆ. ಆಮೇಲೆ ವೇಗ. ಹತ್ತು ಜೋಡಣೆ ಅರ್ಧಂಬರ್ಧ ಕಲಿತವರಿಗಿಂತ ಎರಡನ್ನು ಕಣ್ಣು ಮುಚ್ಚಿ ಮಾಡಬಲ್ಲವರ ಕೈ ವೇಗವಾಗಿ ಓಡುತ್ತದೆ.

ಹಂತ 8: ಬಲದ ಕೆಲಸ

ವಾರಕ್ಕೆ ಎರಡು ದಿನ. ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ದೊಡ್ಡ ವ್ಯಾಯಾಮ, ಸೆಟ್‌ಗೆ 3ರಿಂದ 5 ಸಲ, ಸುಸ್ತಾಗುವ ಮುಂಚೆಯೇ ನಿಲ್ಲಿಸಿ. ಅದರ ಜೊತೆ ಮೆಡಿಸಿನ್ ಬಾಲ್: ಗೋಡೆಗೆ ಪಕ್ಕವಾಗಿ ನಿಂತು ಸೊಂಟ ತಿರುಗಿಸಿ ಜೋರಾಗಿ ಎಸೆಯುವುದು, ಎದುರಾಗಿ ನಿಂತು ಎದೆಯಿಂದ ತಳ್ಳುವುದು. ಒಂದೊಂದಕ್ಕೂ 5 ಎಸೆತದ 3 ಸೆಟ್. ಇಲ್ಲಿ ಒಂದು ಉಪಯೋಗ ಇದೆ. ಚೆಂಡನ್ನು ಕೈಯಿಂದ ಬಿಟ್ಟುಬಿಡುವುದರಿಂದ ಕೊನೆಯಲ್ಲಿ ಬ್ರೇಕ್ ಹಾಕುವ ಅಗತ್ಯ ಇರುವುದಿಲ್ಲ, ವೇಗ ಕೊನೆಯ ತನಕ ಏರುತ್ತಲೇ ಹೋಗುತ್ತದೆ. ಚೆಂಡು ನಿಧಾನವಾಗಿ ಹೋಗುತ್ತಿದ್ದರೆ ಅದು ಭಾರ ಜಾಸ್ತಿ ಅಂತ ಅರ್ಥ, ಹಗುರದ್ದನ್ನು ತೆಗೆದುಕೊಳ್ಳಿ.

ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ ಮಾಡುವವರಿಗೆ ಒಂದು ಮಾತು. ಡಂಬೆಲ್‌ನ ಭಾರ ಎಳೆಯುವುದು ಕೆಳಕ್ಕೆ, ನಿಮ್ಮ ಪಂಚ್ ಹೋಗುವುದು ಮುಂದಕ್ಕೆ. ಹಾಗಾಗಿ ಅಲ್ಲಿ ದಣಿಯುವುದು ಕೈ ಎತ್ತಿ ಹಿಡಿಯುವ ಭುಜದ ಸ್ನಾಯು. ಕೆಳಗಿಟ್ಟ ಮೇಲೆ ಕೈ ಹಗುರ ಅನ್ನಿಸುತ್ತದೆ, ಆದರೆ ಅನ್ನಿಸುವುದೇ ಬೇರೆ, ಫ್ರೇಮ್ ಲೆಕ್ಕವೇ ಬೇರೆ. ಮಾಡಲೇಬೇಕೆಂದರೆ ಅರ್ಧ ಕೆಜಿ ಮೀರದಿರಲಿ, ನಿಧಾನವಾಗಿ ಮಾಡಿ. ಎರಡು ಕೆಜಿ ಹಿಡಿದು ಪೂರ್ತಿ ವೇಗದಲ್ಲಿ ಬೀಸಿದರೆ ಮೊಣಕೈ, ಭುಜ ಎರಡಕ್ಕೂ ಕೇಡು.

ವಾರದ ಲೆಕ್ಕ

ವೇಗದ ಸೆಟ್‌ಗಳು ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಬಲದ ಕೆಲಸ ಅದೇ ದಿನ ಇದ್ದರೆ ವೇಗ ಮೊದಲು, ಬಲ ಆಮೇಲೆ. ಸಡಿಲ ಬಿಡುವ ಅಭ್ಯಾಸ ಮಾತ್ರ ದಿನಾ ಹತ್ತು ನಿಮಿಷ ಮಾಡಬಹುದು. ಗೆಣ್ಣು, ಮಣಿಕಟ್ಟು, ಮೊಣಕೈ, ಭುಜದಲ್ಲಿ ಚುಚ್ಚುವಂಥ ನೋವು ಬಂದರೆ ಆ ದಿನ ನಿಲ್ಲಿಸಿ. ಕೆಲವು ದಿನದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಹಂತ 9: ನಾಲ್ಕು ವಾರದ ಮೇಲೆ ಮತ್ತೆ ಅಳೆಯಿರಿ

ಅದೇ ಜಾಗ, ಅದೇ ಗ್ಲೌಸ್, ಅದೇ ದೂರ. ಫ್ರೇಮ್ ಎಣಿಸಿ, ಹಳೆಯ ಲೆಕ್ಕದ ಪಕ್ಕ ಬರೆಯಿರಿ. ಹೋಗುವ ಸಮಯ ಅಷ್ಟೇ ಇದ್ದು ಸುಳಿವು ಕಡಿಮೆಯಾಗಿದ್ದರೆ ನೀವು ನಿಜವಾಗಿಯೂ ಮುಂದೆ ಹೋಗಿದ್ದೀರಿ, ಬಿಡದೆ ಮುಂದುವರಿಸಿ. ವಾಪಸ್ ಬರುವುದು ಮಾತ್ರ ನಿಧಾನ ಇದ್ದರೆ ಮುಂದಿನ ಎರಡು ವಾರ ಹಂತ 4 ಮತ್ತು ಡಬಲ್ ಎಂಡ್ ಬ್ಯಾಗ್‌ಗೆ ಕೊಡಿ. ಯಾವುದೂ ಬದಲಾಗದಿದ್ದರೆ ಮೊದಲು ವಿಶ್ರಾಂತಿಯ ಕಡೆ ನೋಡಿ. ಸೆಟ್‌ಗಳ ನಡುವಿನ ಒಂದೂವರೆ ನಿಮಿಷ ಅರ್ಧ ನಿಮಿಷಕ್ಕೆ ಇಳಿದಿರುತ್ತದೆ, ಇಲ್ಲವೇ ನಿದ್ದೆ ಕಡಿಮೆಯಾಗಿರುತ್ತದೆ. ಅದೂ ಸರಿ ಇದ್ದರೆ ಎರಡೂ ವಿಡಿಯೋಗಳನ್ನು ನಿಮ್ಮ ಕೋಚ್‌ಗೆ ತೋರಿಸಿ, ಮುಷ್ಟಿ ಹೊರಡುವ ಮುಂಚಿನ ಫ್ರೇಮ್‌ಗಳನ್ನು ಅವರ ಜೊತೆ ಕೂತು ಒಂದೊಂದಾಗಿ ನೋಡಿ.